ಉತ್ತರ ಮೊದಲು, ಪೂರ್ಣ ವಾಕ್ಯ ಆಮೇಲೆ

ಬೋಧನಾಭ್ಯಾಸದ ಮೂರನೇ ಪಾಠದಲ್ಲಿ ನಾನೊಂದು ತಪ್ಪು ಮಾಡಿದೆ. ವೀಕ್ಷಣಾ ಪುಸ್ತಕದಲ್ಲಿ ಅದು ತಪ್ಪೆಂದು ದಾಖಲಾಗಿಲ್ಲ. ‘ವಿದ್ಯಾರ್ಥಿಗಳಿಂದ ಪೂರ್ಣ ವಾಕ್ಯದಲ್ಲಿ ಉತ್ತರ ಪಡೆಯಲು ಪ್ರಯತ್ನಿಸಲಾಗಿದೆ’ ಎಂದು ಮೆಚ್ಚುಗೆಯ ಮಾತಾಗಿಯೇ ಅಲ್ಲಿ ಬರೆದಿದೆ.

ಎಂಟನೇ ತರಗತಿ, ವಿಜ್ಞಾನ, ಪಾಠದ ಹೆಸರು ‘ಘರ್ಷಣೆ’. ನುಣುಪಾದ ಮೇಲ್ಮೈಯಲ್ಲಿ ನಡೆದರೆ ಏನಾಗುತ್ತದೆ ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಕೈಯೆತ್ತದೆಯೇ, ಪಟ್ಟನೆ, ‘ಬರ್ಸ ಬತ್ತ್ಂಡ ಜಾರುಂಡು ಟೀಚರ್’ ಎಂದ. ಮಳೆ ಬಂದರೆ ಜಾರುತ್ತದೆ ಎಂದು ತುಳುವಿನಲ್ಲಿ ಹೇಳಿದ್ದ. ಉತ್ತರ ಸರಿಯಾಗಿತ್ತು. ನಾನು ಕೇಳಿದ್ದಕ್ಕಿಂತ ಒಂದು ಹೆಜ್ಜೆ ಮುಂದೆಯೂ ಇತ್ತು, ಏಕೆಂದರೆ ಜಾರುವುದಕ್ಕೆ ಕಾರಣವನ್ನೂ ಅವನು ಸೇರಿಸಿದ್ದ. ನಾನು ಮಾತ್ರ ‘ಕನ್ನಡದಲ್ಲಿ ಹೇಳು, ಪೂರ್ಣ ವಾಕ್ಯದಲ್ಲಿ ಹೇಳು’ ಎಂದೆ. ಅವನು ಎದ್ದು ನಿಂತ, ಬೆಂಚಿನ ಅಂಚು ಹಿಡಿದುಕೊಂಡ, ಏನೂ ಹೇಳದೆ ಕುಳಿತ. ಆ ಅವಧಿ ಮುಗಿಯುವವರೆಗೂ ಅವನು ಮತ್ತೆ ಬಾಯಿ ತೆರೆಯಲಿಲ್ಲ.

ಸಂಜೆ ಮನೆಗೆ ಹೋಗುವ ಬಸ್ಸಿನಲ್ಲಿ ಕುಳಿತಾಗ ನನಗೆ ಕೈರೋ ನಗರದ ಇನ್ನೊಂದು ಬಸ್ಸು ನೆನಪಾಯಿತು. ಅಲ್ಲಿ ಬಾಯಿ ಕಟ್ಟಿ ಕುಳಿತವಳು ನಾನಾಗಿದ್ದೆ. ಈ ಬರಹದಲ್ಲಿ ಹೇಳಬೇಕೆಂದಿರುವುದು ಆ ಎರಡು ಮೌನಗಳ ಬಗ್ಗೆ, ಮತ್ತು ಕೈರೋದ ಜನ ನನ್ನ ಮೌನವನ್ನು ಹೇಗೆ ಮುರಿದರು ಎಂಬುದರ ಬಗ್ಗೆ. ಅವರಲ್ಲಿ ಒಬ್ಬರೂ ಬಿ.ಇಡಿ. ಓದಿದವರಲ್ಲ. ಆದರೆ ನಮ್ಮ ಪಾಠ ಯೋಜನೆಯಲ್ಲಿ ಇಲ್ಲದ್ದೊಂದು ಅವರಲ್ಲಿ ಇತ್ತು ಎಂಬುದು ನನ್ನ ಅಭಿಪ್ರಾಯ.

ಓದಲು ಬಂದವಳಿಗೆ ಮಾತು ಬರಲಿಲ್ಲ

ಬಿ.ಎಸ್ಸಿ. ಮುಗಿಸಿ ಬಿ.ಇಡಿ. ಸೇರುವ ಮೊದಲು ಒಂದು ವರ್ಷ ಈಜಿಪ್ಟಿನಲ್ಲಿ ಅರಬ್ಬಿ ಕಲಿತೆ. ಅಣ್ಣ ಅಲ್ಲಿನ ಅಲ್-ಅಝರ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ, ಅತ್ತಿಗೆಯೂ ಜೊತೆಗಿದ್ದರು. ಕೈರೋದ ಪೂರ್ವಕ್ಕಿರುವ ನಸ್ರ್ ಸಿಟಿ ಎಂಬ ಬಡಾವಣೆಯಲ್ಲಿ ಬಾಡಿಗೆ ಮನೆ. ಭಾಷಾ ತರಗತಿ ಮನೆಯಿಂದ ನಡೆದುಹೋಗುವಷ್ಟು ಹತ್ತಿರ.

ನಾನು ಅಲ್ಲಿಗೆ ಹೋದಾಗ ಅರಬ್ಬಿ ನನಗೆ ಹೊಸದಾಗಿರಲಿಲ್ಲ. ನಮ್ಮದು ಬ್ಯಾರಿ ಮನೆ. ಚಿಕ್ಕಂದಿನಲ್ಲಿ ಮದರಸದಲ್ಲಿ ಅಕ್ಷರ, ಉಚ್ಚಾರ ಎರಡನ್ನೂ ತಿದ್ದಿ ತೀಡಿ ಕಲಿಸಿದ್ದರು. ಪದವಿ ಓದುವಾಗ ಎರಡು ವರ್ಷ ವ್ಯಾಕರಣದ ತರಗತಿಗೂ ಹೋಗಿದ್ದೆ. ಕ್ರಿಯಾಪದದ ರೂಪಗಳನ್ನು ಕೋಷ್ಟಕ ಹಾಕಿ ಬರೆಯಬಲ್ಲವಳಾಗಿದ್ದೆ. ಹೀಗಾಗಿ ಅಲ್ಲಿ ನೆಲೆಯೂರುವುದು ಕಷ್ಟವಾಗಲಾರದು ಎಂದುಕೊಂಡಿದ್ದೆ.

ಮೊದಲ ವಾರದಲ್ಲೇ ಆ ಧೈರ್ಯ ಇಳಿಯಿತು. ಅಬ್ಬಾಸಿಯಾ ಕಡೆಗೆ ಹೋಗುವ ಮೈಕ್ರೋಬಸ್ ಹತ್ತಿದ್ದೆ. ಇದು ನಮ್ಮ ಕಡೆಯ ಸರ್ವಿಸ್ ವ್ಯಾನಿನಂಥದು. ನಿಗದಿತ ನಿಲ್ದಾಣವಿಲ್ಲ, ಇಳಿಯಬೇಕಾದವರು ಕೂಗಿ ಹೇಳಬೇಕು. ಬಾಡಿಗೆಯ ದುಡ್ಡನ್ನು ಮುಂದಿನ ಸೀಟಿನವರ ಕೈಗೆ ಕೊಟ್ಟರೆ ಅದು ಕೈಯಿಂದ ಕೈಗೆ ದಾಟಿ ಚಾಲಕನನ್ನು ತಲುಪುತ್ತದೆ, ಚಿಲ್ಲರೆಯೂ ಹಾಗೆಯೇ ಹಿಂದಕ್ಕೆ ಬರುತ್ತದೆ. ನನ್ನ ಜಾಗ ಬಂದಾಗ ನಾನು ಮನಸ್ಸಿನಲ್ಲೇ ಎರಡು ಸಲ ತಾಲೀಮು ಮಾಡಿಕೊಂಡಿದ್ದ ವಾಕ್ಯವನ್ನು ಹೇಳಿದೆ: ‘ತವಕ್ಕಫ್ ಹುನಾ, ಮಿನ್ ಫದ್ಲಿಕ್.’ ದಯವಿಟ್ಟು ಇಲ್ಲಿ ನಿಲ್ಲಿಸಿ. ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಚಾಲಕ ಕನ್ನಡಿಯಲ್ಲಿ ಒಮ್ಮೆ ನೋಡಿದ, ಗಾಡಿ ಹೋಗುತ್ತಲೇ ಇತ್ತು. ಪಕ್ಕದಲ್ಲಿದ್ದ ಇಬ್ಬರು ಹುಡುಗಿಯರು ನಕ್ಕರು. ನಾನು ಮತ್ತೆ ಕೂಗಲಿಲ್ಲ. ಬೇರೆ ಯಾರೋ ಇಳಿದ ಕಡೆ ಇಳಿದು ಅರ್ಧ ಗಂಟೆ ಹಿಂದಕ್ಕೆ ನಡೆದೆ.

ಹೇಳಬೇಕಾಗಿದ್ದದ್ದು ‘ಅಲಾ ಗಂಬ್ ಯಾ ಉಸ್ತಾ’ ಎಂದಷ್ಟೇ. ಬದಿಗೆ ಹಾಕು ಉಸ್ತಾದ ಎಂಬಂಥ ಮಾತು. ಇದು ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ.

ಒಂದು ಹೆಸರು, ಎರಡು ಭಾಷೆ

ಅರಬ್ಬಿ ಎಂದು ನಾವು ಒಂದೇ ಹೆಸರಿನಿಂದ ಕರೆಯುವುದು ಬಳಕೆಯಲ್ಲಿ ಎರಡಾಗಿದೆ. ಪುಸ್ತಕ, ಪತ್ರಿಕೆ, ಭಾಷಣ, ವಾರ್ತೆಗಳ ಭಾಷೆ ‘ಫುಸ್‌ಹಾ’. ಮನೆ, ಬೀದಿ, ಅಂಗಡಿಗಳ ಭಾಷೆ ‘ಆಮ್ಮಿಯಾ’. ಫುಸ್‌ಹಾ ಮೊರಾಕ್ಕೊದಿಂದ ಇರಾಕಿನವರೆಗೆ ಹೆಚ್ಚುಕಡಿಮೆ ಒಂದೇ. ಆಮ್ಮಿಯಾ ದೇಶಕ್ಕೊಂದು, ಪ್ರಾಂತ್ಯಕ್ಕೊಂದು. ಫುಸ್‌ಹಾ ಯಾರ ತಾಯ್ನುಡಿಯೂ ಅಲ್ಲ. ಈಜಿಪ್ಟಿನ ಮಗುವೂ ಅದನ್ನು ಶಾಲೆಗೆ ಹೋಗಿಯೇ ಕಲಿಯಬೇಕು. ಭಾಷಾವಿಜ್ಞಾನಿ ಚಾರ್ಲ್ಸ್ ಫರ್ಗ್ಯುಸನ್ 1959ರಲ್ಲಿ ‘ಡೈಗ್ಲಾಸಿಯ’ ಎಂಬ ಹೆಸರಿನಡಿ ವಿವರಿಸಿದ್ದು ಇಂಥ ಸ್ಥಿತಿಯನ್ನೇ. ಅವರು ಆರಿಸಿಕೊಂಡ ನಾಲ್ಕು ಉದಾಹರಣೆಗಳಲ್ಲಿ ಅರಬ್ಬಿ ಒಂದು.

ಅಂತರ ಎಷ್ಟೆಂದು ತಿಳಿಯಲು ಕೆಲವು ಪದ ಸಾಕು. ‘ನನಗೆ ಬೇಕು’ ಎನ್ನಲು ಪುಸ್ತಕದಲ್ಲಿ ‘ಉರೀದು’. ಕೈರೋದ ಹೆಂಗಸು ಹೇಳುವುದು ‘ಆಯ್ಜ಼ಾ’. ರೊಟ್ಟಿಗೆ ಪುಸ್ತಕದಲ್ಲಿ ‘ಖುಬ್ಜ಼್’, ಕೈರೋದಲ್ಲಿ ‘ಏಶ್’. ಬದುಕುವುದು ಎಂಬ ಅರ್ಥದ ಧಾತುವಿನಿಂದ ಬಂದ ಪದವೇ ಅವರಿಗೆ ರೊಟ್ಟಿಯ ಹೆಸರು. ‘ಜ’ ಅಕ್ಷರ ಕೈರೋದಲ್ಲಿ ‘ಗ’ ಆಗುತ್ತದೆ. ನಮ್ಮ ಮನೆಯೊಡತಿ ಹಜ್ ಮಾಡಿ ಬಂದ ಹಿರಿಯ ಹೆಂಗಸು. ನಾನು ‘ಹಾಜ್ಜಾ’ ಎಂದು ಕರೆದರೆ ಉಳಿದವರೆಲ್ಲ ‘ಹಾಗ್ಗಾ’ ಎನ್ನುತ್ತಿದ್ದರು. ಗಂಟಲಿನ ಆಳದಿಂದ ಹೊರಡಿಸಬೇಕೆಂದು ಮದರಸದಲ್ಲಿ ಉಸ್ತಾದರು ನಮ್ಮಿಂದ ನೂರು ಸಲ ಹೇಳಿಸಿದ ‘ಕಾಫ್’ ಅಕ್ಷರವನ್ನು ಕೈರೋದವರು ಹೆಚ್ಚಿನ ಮಾತುಗಳಲ್ಲಿ ನುಂಗಿಯೇ ಬಿಡುತ್ತಾರೆ. ‘ಹೇಳಿದ’ ಎಂಬ ಪುಸ್ತಕದ ‘ಕಾಲ’ ಅವರ ಬಾಯಲ್ಲಿ ‘ಆಲ್’.

ನಾನು ಮಾತಾಡುತ್ತಿದ್ದದ್ದು ಅಲ್ಲಿನವರಿಗೆ ಅರ್ಥವಾಗುತ್ತಿರಲಿಲ್ಲ ಎಂದಲ್ಲ, ಅರ್ಥವಾಗುತ್ತಿತ್ತು. ಆದರೆ ತರಕಾರಿ ಅಂಗಡಿಯಲ್ಲಿ ಯಾರೋ ವಾರ್ತೆ ಓದಿದ ಹಾಗೆ, ಐತಿಹಾಸಿಕ ಧಾರಾವಾಹಿಯ ಪಾತ್ರ ಎದ್ದು ಬಂದ ಹಾಗೆ ಕೇಳಿಸುತ್ತಿತ್ತು. ಆ ಹುಡುಗಿಯರು ನಕ್ಕದ್ದು ಅದಕ್ಕೇ.

ನೆಲೆಯೂರುವುದು ಸುಲಭ, ಕಲಿಯುವುದು ಬೇರೆ

ಮೈಕ್ರೋಬಸ್ಸಿನ ಘಟನೆಯ ನಂತರ ಸುಮಾರು ಎರಡು ತಿಂಗಳು ನಾನು ಹೊರಗೆ ಬಾಯಿ ಬಿಡುವುದನ್ನೇ ಕಡಿಮೆ ಮಾಡಿದೆ. ಹಾಗೆ ಬದುಕಲು ಅಲ್ಲಿ ಏನೂ ತೊಂದರೆಯಿಲ್ಲ. ನಸ್ರ್ ಸಿಟಿಯಲ್ಲಿ ಇಂಡೋನೇಷ್ಯಾ, ಮಲೇಷ್ಯಾದ ವಿದ್ಯಾರ್ಥಿಗಳು ಬಹಳ. ಅವರೊಡನೆ ಹರಕು ಮುರುಕು ಇಂಗ್ಲಿಷ್ ಸಾಕು. ಅಣ್ಣನ ಸ್ನೇಹಿತರ ಮನೆಗಳಲ್ಲಿ ಮಲಯಾಳಂ, ಉರ್ದು. ನಮ್ಮ ಮನೆಯಲ್ಲಿ ಬ್ಯಾರಿ. ದೊಡ್ಡ ಅಂಗಡಿಗೆ ಹೋದರೆ ಸಾಮಾನನ್ನು ಬುಟ್ಟಿಗೆ ಹಾಕಿ, ಯಂತ್ರ ತೋರಿಸಿದ ಮೊತ್ತ ಕೊಟ್ಟು ಬರಬಹುದು. ಕೈರೋದಲ್ಲಿ ಇದ್ದೂ ಕೈರೋದ ಒಂದು ಮಾತನ್ನೂ ಆಡದೆ ವರ್ಷ ಕಳೆಯಬಹುದು. ತರಗತಿಯಲ್ಲಿ ನನಗೆ ಒಳ್ಳೆಯ ಅಂಕಗಳೇ ಬರುತ್ತಿದ್ದವು.

ಒಂದು ದಿನ ಅತ್ತಿಗೆಗೆ ಜ್ವರ. ಅಣ್ಣ ಊರಲ್ಲಿರಲಿಲ್ಲ. ಮನೆಯಲ್ಲಿ ರೊಟ್ಟಿ ಮುಗಿದಿತ್ತು. ಅಲ್ಲಿನ ಹಳೆಯ ಪದ್ಧತಿಯೊಂದಿದೆ: ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿಯನ್ನು ಕೆಳಗಿಳಿಸಿ, ಕೂಗಿ ಹೇಳಿದರೆ ಕೆಳಗಿನ ಅಂಗಡಿಯವರು ಸಾಮಾನು ಹಾಕಿ ಕಳಿಸುತ್ತಾರೆ. ಮೂರನೇ ಮಹಡಿಯಿಂದ ಬುಟ್ಟಿ ಇಳಿಸಿದ ಮೇಲೆ ಕೂಗದೆ ವಿಧಿಯಿಲ್ಲ. ಬೀದಿಯೆಲ್ಲ ಕೇಳುವಂತೆ ‘ಯಾ ಅಮ್ಮು, ಉರೀದು ಖುಬ್ಜ಼ನ್’ ಎಂದೆ. ‘ಅಮ್ಮು’ ಎಂದರೆ ಚಿಕ್ಕಪ್ಪ. ವಯಸ್ಸಾದ ಅಂಗಡಿಯವರನ್ನು ಹುಡುಗಿಯರು ಹಾಗೆ ಕರೆಯುವುದನ್ನು ಕೇಳಿದ್ದೆ.

ಅವರು ತಲೆಯೆತ್ತಿ ನೋಡಿದರು, ನಗಲಿಲ್ಲ. ‘ಆಯ್ಜ಼ಾ ಏಶ್? ಹಾದಿರ್. ಕಾಮ್ ರಿಗೀಫ್?’ ಎಂದರು. ರೊಟ್ಟಿ ಬೇಕಾ? ಆಗಲಿ. ಎಷ್ಟು?

ನನ್ನ ವಾಕ್ಯವನ್ನು ಅವರು ತಿದ್ದಲಿಲ್ಲ. ನನ್ನ ಬೇಡಿಕೆಗೆ ಉತ್ತರ ಕೊಟ್ಟರು. ಆ ಉತ್ತರದೊಳಗೇ ಸರಿಯಾದ ವಾಕ್ಯವನ್ನು ಇಟ್ಟು ಕಳಿಸಿದರು. ಬುಟ್ಟಿಯಲ್ಲಿ ಐದು ರೊಟ್ಟಿ ಬಂತು, ಅದರ ಜೊತೆಗೆ ಎರಡು ಪದವೂ. ಮರುದಿನ ನಾನು ‘ಆಯ್ಜ಼ಾ ಏಶ್’ ಎಂದೇ ಕೂಗಿದೆ.

ಮುಂದಿನ ಏಳೆಂಟು ತಿಂಗಳು ನಾನು ಕಲಿತದ್ದರಲ್ಲಿ ಹೆಚ್ಚಿನದು ಹೀಗೆಯೇ. ಎಲ್ಲರೂ ಆ ಅಮ್ಮುವಿನಷ್ಟು ತಾಳ್ಮೆಯವರಾಗಿರಲಿಲ್ಲ. ಕೆಲವರು ಕೂಡಲೇ ಇಂಗ್ಲಿಷಿಗೆ ತಿರುಗುತ್ತಿದ್ದರು, ಅಲ್ಲಿಗೆ ಮಾತು ಮುಗಿಯುತ್ತಿತ್ತು. ನನ್ನ ಉಚ್ಚಾರ ಕೇಳಿದೊಡನೆ ಬೆಲೆ ಏರಿಸಿದವರೂ ಇದ್ದರು. ತರಕಾರಿ ಮಾರುಕಟ್ಟೆಯಲ್ಲಿ ಒಮ್ಮೆ ನನ್ನ ಮುಂದಿದ್ದ ಗಿರಾಕಿ ಚೌಕಾಶಿ ಮಾಡುತ್ತ ‘ಇಂತಾ ಫಾಕಿರ್ನಿ ಹಿಂದಿ?’ ಎಂದು ಸಿಡುಕಿದ. ನನ್ನನ್ನೇನು ಹಿಂದೂಸ್ತಾನದವ ಅಂದುಕೊಂಡೆಯಾ, ಅಂದರೆ ಏನೂ ತಿಳಿಯದ ದಡ್ಡ ಅಂದುಕೊಂಡೆಯಾ ಎಂಬ ಅಲ್ಲಿನ ನುಡಿಗಟ್ಟು. ವ್ಯಾಪಾರಿ ನನ್ನ ಮುಖ ನೋಡಿ ನಾಚಿ, ನನ್ನ ಚೀಲಕ್ಕೆ ಎರಡು ನಿಂಬೆಹಣ್ಣು ಪುಕ್ಕಟೆ ಹಾಕಿದ. ಆ ನುಡಿಗಟ್ಟು ನನಗೆ ಈಗಲೂ ಮರೆತಿಲ್ಲ. ಕೋಷ್ಟಕ ಹಾಕಿ ಕಲಿತದ್ದು ಎಷ್ಟೋ ಮರೆತಿದೆ.

ಉತ್ತರ ಗೊತ್ತಿಲ್ಲದವರ ಪ್ರಶ್ನೆಗಳು

ಕೈರೋ ಮೆಟ್ರೊ 1987ರಲ್ಲಿ ಆರಂಭವಾದದ್ದು, ಆಫ್ರಿಕಾ ಖಂಡದ ಮೊದಲ ಮೆಟ್ರೊ. ಅದರಲ್ಲಿ ಮಹಿಳೆಯರಿಗೆಂದೇ ಬೇರೆ ಡಬ್ಬಿಗಳಿವೆ. ಅಬ್ಬಾಸಿಯಾದಿಂದ ಅತ್ತಬಾಕ್ಕೆ ನಾನು ಮೆಟ್ರೊದಲ್ಲಿ ಹೋಗುತ್ತಿದ್ದೆ. ಅತ್ತಬಾದ ಬಳಿ ‘ಸೂರ್ ಅಲ್-ಅಜ್ಬಕಿಯಾ’ ಎಂಬ ಹಳೆ ಪುಸ್ತಕಗಳ ಸಂತೆ ಇದೆ. ಈ ಪ್ರಯಾಣದಲ್ಲಿ ಹೆಂಗಸರ ಡಬ್ಬಿಯೇ ನನ್ನ ಎರಡನೆಯ ತರಗತಿಯಾಯಿತು.

ಭಾರತದವಳೆಂದು ತಿಳಿದೊಡನೆ ಮೊದಲ ಮಾತು ಅಮಿತಾಭ್ ಬಚ್ಚನ್ ಬಗ್ಗೆ. ಅದು ಮುಗಿದ ಮೇಲೆ ನಿಜವಾದ ಪ್ರಶ್ನೆಗಳು. ನಿನ್ನ ಊರಲ್ಲಿ ಏನು ತಿನ್ನುತ್ತೀರಿ? ಅಮ್ಮ ನಿನ್ನನ್ನು ಇಷ್ಟು ದೂರ ಹೇಗೆ ಕಳಿಸಿದರು? ಅಲ್ಲಿ ಮಳೆ ಬರುತ್ತದೆಯೇ? ಒಮ್ಮೆ ಒಬ್ಬ ಹೆಂಗಸಿಗೆ, ನಮ್ಮಲ್ಲಿ ನಾಲ್ಕು ತಿಂಗಳು ಮಳೆ ಎಂದು ಹೇಳಲು ಹೋಗಿ ಪುಸ್ತಕದ ಪ್ರಕಾರ ‘ಅರ್ಬಅತು ಅಶ್‌ಹುರ್’ ಎಂದೆ. ‘ಅರ್ಬಾ ತುಶ್‌ಹುರ್? ಕುಲ್ಲು ಮತರ್?’ ಎಂದು ಆಕೆ ಕಣ್ಣರಳಿಸಿದರು. ನಾಲ್ಕು ತಿಂಗಳಾ? ಪೂರ್ತಿ ಮಳೆಯಾ? ಕೈರೋದಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಸುಮಾರು 25 ಮಿಲಿಮೀಟರ್. ನಮ್ಮ ದಕ್ಷಿಣ ಕನ್ನಡದಲ್ಲಿ ಆಷಾಢದ ಒಂದು ಜೋರು ಮಳೆಯ ದಿನ ಅದಕ್ಕಿಂತ ಹೆಚ್ಚು ಸುರಿಯುತ್ತದೆ. ಆಕೆ ಪಕ್ಕದವರನ್ನೂ ಕರೆದರು. ಬಟ್ಟೆ ಹೇಗೆ ಒಣಗಿಸುತ್ತೀರಿ, ಮಕ್ಕಳು ಶಾಲೆಗೆ ಹೇಗೆ ಹೋಗುತ್ತಾರೆ ಎಂದು ಒಂದರ ಮೇಲೊಂದು ಪ್ರಶ್ನೆ. ಒಲೆಯ ಮೇಲೆ ಬಟ್ಟೆ ಹರವುವುದನ್ನು ಕೈಸನ್ನೆಯಲ್ಲಿ ತೋರಿಸಿ, ಅರ್ಧ ಪುಸ್ತಕದ ಮಾತು, ಅರ್ಧ ಬೀದಿಯ ಮಾತು ಸೇರಿಸಿ ಹೇಗೋ ವಿವರಿಸಿದೆ. ಇಳಿಯುವಾಗ ಗಮನಕ್ಕೆ ಬಂತು: ಅಷ್ಟು ಹೊತ್ತು ನಾನು ತಪ್ಪಿನ ಬಗ್ಗೆ ಯೋಚಿಸಿಯೇ ಇರಲಿಲ್ಲ. ಅವರಿಗೆ ಉತ್ತರ ಬೇಕಾಗಿತ್ತು, ನನ್ನ ಹತ್ತಿರ ಮಾತ್ರ ಅದು ಇತ್ತು.

ಈಗ ನಮ್ಮ ತರಗತಿಯನ್ನು ನೋಡೋಣ. ಪ್ರಶ್ನಿಸುವ ಕೌಶಲವನ್ನು ಸೂಕ್ಷ್ಮ ಬೋಧನೆಯಲ್ಲಿ ನಾವೆಲ್ಲ ಅಭ್ಯಾಸ ಮಾಡುತ್ತೇವೆ. ಪ್ರಶ್ನೆ ಸ್ಪಷ್ಟವಾಗಿರಬೇಕು, ಇಡೀ ತರಗತಿಗೆ ಹಂಚಿಕೆಯಾಗಬೇಕು, ಉತ್ತರಕ್ಕೆ ಸಮಯ ಕೊಡಬೇಕು. ಎಲ್ಲವೂ ಸರಿ. ಆದರೆ ನಾನು ಮೂರನೇ ಪಾಠದಲ್ಲಿ ಕೇಳಿದ ಹನ್ನೊಂದು ಪ್ರಶ್ನೆಗಳನ್ನು ಆಮೇಲೆ ಓದಿ ನೋಡಿದಾಗ, ಹನ್ನೊಂದಕ್ಕೂ ಉತ್ತರ ನನಗೆ ಮೊದಲೇ ಗೊತ್ತಿತ್ತು. ಮಕ್ಕಳಿಗೂ ಅದು ಗೊತ್ತು. ಟೀಚರಿಗೆ ಗೊತ್ತಿರುವುದನ್ನು ಟೀಚರ ಮಾತಿನಲ್ಲೇ ಒಪ್ಪಿಸಬೇಕು ಎಂದಾದಾಗ ಬಾಯಿ ಕಟ್ಟುವುದು ಸಹಜ.

ಮೆಟ್ಟಿಲ ಮೇಲಿನ ಹುಡುಗ

ಕೈರೋದಲ್ಲಿ ನಾನು ಅತಿ ಹೆಚ್ಚು ಕಲಿತದ್ದು ಹತ್ತು ವರ್ಷದ ಒಬ್ಬ ಹುಡುಗನಿಂದ. ನಮ್ಮ ಕಟ್ಟಡದ ‘ಬವ್ವಾಬ್’, ಅಂದರೆ ಬಾಗಿಲು ಕಾಯುವವರ ಮಗ. ಅವರ ಸಂಸಾರ ಕೆಳಮಹಡಿಯ ಕೋಣೆಯೊಂದರಲ್ಲಿತ್ತು. ಊರು ದಕ್ಷಿಣದ ಸೊಹಾಗ್ ಕಡೆ. ನೈಲ್ ನದಿ ದಕ್ಷಿಣದಿಂದ ಉತ್ತರಕ್ಕೆ ಹರಿಯುವುದರಿಂದ ಅಲ್ಲಿ ದಕ್ಷಿಣವೇ ‘ಮೇಲಿನ ಈಜಿಪ್ಟ್’. ಆ ಕಡೆಯವರ ಮಾತು ಬೇರೆ. ಕೈರೋದವರು ನುಂಗುವ ‘ಕಾಫ್’ ಅವರ ಬಾಯಲ್ಲಿ ‘ಗ’. ಪುಸ್ತಕದ ‘ಕಾಲ’, ಕೈರೋದ ‘ಆಲ್’, ಅವರ ಮನೆಯಲ್ಲಿ ‘ಗಾಲ್’. ಮೇಲಿನ ಈಜಿಪ್ಟಿನವರ ಮಾತನ್ನು ಅಣಕಿಸುವ ನಗೆಹನಿಗಳು ಕೈರೋದಲ್ಲಿ ಬೇಕಾದಷ್ಟಿವೆ. ನನ್ನಂತೆಯೇ ಆ ಹುಡುಗನೂ ಬಾಯಿ ತೆರೆದರೆ ನಗಿಸುವವನಾಗಿದ್ದ.

ಸಂಜೆ ಮೆಟ್ಟಿಲ ಮೇಲೆ ಕುಳಿತು ಅವನು ಶಾಲೆಯ ಪಾಠ ಓದುತ್ತಿದ್ದ. ದಿನವಿಡೀ ಚಟಪಟ ಮಾತಾಡುವವನು ಪುಸ್ತಕ ತೆರೆದೊಡನೆ ದನಿ ಇಳಿಸುತ್ತಿದ್ದ, ಪದಪದಕ್ಕೂ ತಡವರಿಸುತ್ತಿದ್ದ. ಪುಸ್ತಕದಲ್ಲಿ ‘ಯದ್‌ಹಬುಲ್ ವಲದು ಇಲಲ್ ಮದ್‌ರಸತಿ’ ಎಂದಿದ್ದರೆ, ಹುಡುಗ ಶಾಲೆಗೆ ಹೋಗುತ್ತಾನೆ ಎಂಬುದನ್ನು ಕೈರೋದ ಬೀದಿಯಲ್ಲಿ ‘ಇಲ್‌ವಲದ್ ಬಿಯ್‌ರೂಹ್ ಇಲ್‌ಮದ್‌ರಸಾ’ ಎನ್ನುತ್ತಾರೆ. ಕ್ರಿಯಾಪದವೇ ಬೇರೆ, ಪದಗಳ ಕೊನೆಯೂ ಬೇರೆ. ನಾನು ಅವನ ಪುಸ್ತಕವನ್ನು ಸರಾಗವಾಗಿ ಓದಿಬಿಟ್ಟೆ. ಅವನು ಬೆರಗಾಗಿ ನೋಡಿದ. ಇವಳಿಗೆ ರೊಟ್ಟಿ ಕೇಳಲು ಬರುವುದಿಲ್ಲ, ಇದನ್ನು ಹೇಗೆ ಓದುತ್ತಾಳೆ?

ಅಂದಿನಿಂದ ನಮ್ಮಲ್ಲೊಂದು ಒಪ್ಪಂದವಾಯಿತು. ಅವನು ಪುಸ್ತಕದ ವಾಕ್ಯವನ್ನು ನನಗೆ ಬೀದಿಯ ಮಾತಿನಲ್ಲಿ ಹೇಳಬೇಕು, ನಾನು ಅವನ ಬೀದಿಯ ಮಾತನ್ನು ಪುಸ್ತಕದ ವಾಕ್ಯ ಮಾಡಬೇಕು. ಅಂಕೆಗಳಲ್ಲೂ ಅವನೇ ನನ್ನ ಗುರು. ಅಲ್ಲಿನ ಬರಹದಲ್ಲಿ ಐದರ ಗುರುತು ನಮ್ಮ ಸೊನ್ನೆಯ ಹಾಗಿದೆ, ಸೊನ್ನೆ ಬರೀ ಒಂದು ಚುಕ್ಕಿ. ಬಿ.ಎಸ್ಸಿ.ಯಲ್ಲಿ ಗಣಿತ ಓದಿದ ನಾನು ಮೊದಲೆಲ್ಲ 50 ಎಂಬುದನ್ನು ಕಂಡು ಸೊನ್ನೆಯ ಮುಂದೆ ಚುಕ್ಕಿ ಏಕೆ ಎಂದು ನಿಂತುಬಿಡುತ್ತಿದ್ದೆ. ಆ ಅಂಕೆಗಳಿಗೆ ಅವರು ಇಟ್ಟ ಹೆಸರು ‘ಅರ್ಕಾಮ್ ಹಿಂದಿಯ್ಯಾ’, ಭಾರತದ ಅಂಕೆಗಳು. ‘ನಿಮ್ಮದೇ ಅಂಕೆ, ನಿನಗೇ ಬರುವುದಿಲ್ಲ’ ಎಂದು ಅವನು ಬಿದ್ದು ಬಿದ್ದು ನಗುತ್ತಿದ್ದ. ಆ ನಗು ನನ್ನನ್ನು ಚುಚ್ಚಲಿಲ್ಲ. ಮರುಕ್ಷಣ ಅವನು ತಡವರಿಸಿದಾಗ ನಗುವ ಸರದಿ ನನ್ನದಾಗುತ್ತಿತ್ತು.

ನನಗೆ ಬೀದಿಯಲ್ಲಿ ಬಾಯಿ ಕಟ್ಟುತ್ತಿತ್ತು, ಅವನಿಗೆ ಪುಸ್ತಕದ ಮುಂದೆ. ಇಬ್ಬರಲ್ಲಿ ಯಾರೂ ದಡ್ಡರಾಗಿರಲಿಲ್ಲ. ಇಬ್ಬರಿಗೂ ಒಂದು ಭಾಷೆ ಗೊತ್ತಿತ್ತು, ಎದುರಿಗಿದ್ದದ್ದು ಇನ್ನೊಂದಾಗಿತ್ತು. ಎರಡರ ನಡುವೆ ಒಂದು ಸೇತುವೆ ಬೇಕಾಗಿತ್ತು, ಅಷ್ಟೆ.

ನಮ್ಮ ತರಗತಿಯ ಎರಡು ಭಾಷೆಗಳು

ಹಿಂದಿನ ಬೆಂಚಿನ ಹುಡುಗನ ಸ್ಥಿತಿಯೂ ಇದೇ. ಅವನ ಮನೆಮಾತು ತುಳು. ಆದರೆ ಪ್ರಶ್ನೆ ಕೇವಲ ತುಳು, ಬ್ಯಾರಿ, ಕೊಂಕಣಿ, ಲಂಬಾಣಿ ಮಕ್ಕಳದ್ದಲ್ಲ. ಮನೆಯಲ್ಲಿ ಕನ್ನಡವನ್ನೇ ಆಡುವ ಮಗುವೂ ‘ಮೇಲ್ಮೈ’, ‘ಘರ್ಷಣೆ’, ‘ದ್ಯುತಿಸಂಶ್ಲೇಷಣೆ’ ಎಂದು ಮನೆಯಲ್ಲಿ ಹೇಳುವುದಿಲ್ಲ. ಮಂಗಳೂರಿನ ‘ಜಾರ್ತದೆ’, ಕಲಬುರಗಿಯ ‘ಜಾರ್ತದ’, ಮೈಸೂರಿನ ‘ಜಾರತ್ತೆ’ ಇವೆಲ್ಲ ಪಠ್ಯಪುಸ್ತಕದ ‘ಜಾರುತ್ತದೆ’ಯ ಮುಂದೆ ತಪ್ಪುಗಳಾಗಿ ನಿಲ್ಲುತ್ತವೆ. ವಿಜ್ಞಾನದ ಪುಸ್ತಕದ ಕನ್ನಡ ನಮ್ಮ ಮಕ್ಕಳ ಫುಸ್‌ಹಾ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ತರಗತಿಯ ಬಹುಭಾಷಿಕತೆಯನ್ನು ಸಂಪನ್ಮೂಲವಾಗಿ ನೋಡಬೇಕೆನ್ನುತ್ತದೆ. ಅದನ್ನು ನಾವು ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತೇವೆ. ತರಗತಿಗೆ ಹೋದಾಗ ಮಾತ್ರ ‘ಪೂರ್ಣ ವಾಕ್ಯದಲ್ಲಿ ಹೇಳು’ ಎನ್ನುತ್ತೇವೆ.

ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಪಠ್ಯದ ಭಾಷೆಯಲ್ಲೇ ಇರುತ್ತದೆ. ಮಗುವಿನ ಮಾತಿನಲ್ಲೇ ಬಿಟ್ಟರೆ ಅದಕ್ಕೆ ಅನ್ಯಾಯ ಮಾಡಿದಂತಾಗುತ್ತದೆ. ಈ ಆಕ್ಷೇಪದಲ್ಲಿ ಸತ್ಯವಿದೆ. ಈಜಿಪ್ಟಿನಲ್ಲೂ ಈ ವಾದ ಹಳೆಯದು. ಸಾಹಿತಿ ತಾಹಾ ಹುಸೇನ್ 1950ರಿಂದ 1952ರವರೆಗೆ ಅಲ್ಲಿನ ಶಿಕ್ಷಣ ಸಚಿವರಾಗಿದ್ದು, ಶಿಕ್ಷಣ ಗಾಳಿ ನೀರಿನಂತೆ ಎಲ್ಲರಿಗೂ ಸಿಗಬೇಕೆಂದು ದುಡಿದವರು. ಅವರು ಫುಸ್‌ಹಾವನ್ನು ಬಿಟ್ಟುಕೊಡಲು ಒಪ್ಪದವರೂ ಹೌದು. ಅವರ ನಿಲುವು ನನಗೆ ಅರ್ಥವಾಗುತ್ತದೆ. ಬವ್ವಾಬರ ಮಗ ಫುಸ್‌ಹಾ ಕಲಿಯದಿದ್ದರೆ ಅವನು ಪತ್ರಿಕೆ ಓದಲಾರ, ಅರ್ಜಿ ಬರೆಯಲಾರ, ಅಪ್ಪನ ಕೋಣೆಯಿಂದ ಹೊರಗೆ ಬರಲಾರ. ನಮ್ಮ ಹುಡುಗನಿಗೂ ‘ಘರ್ಷಣೆ’ ಬೇಕು.

ಆದ್ದರಿಂದ ನನ್ನ ವಾದ ಪುಸ್ತಕದ ಭಾಷೆಯ ವಿರುದ್ಧ ಅಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬುದರ ಬಗ್ಗೆ ಮಾತ್ರ. ಅಂಗಡಿಯ ಅಮ್ಮು ಮೊದಲು ನನ್ನ ಅರ್ಥವನ್ನು ಒಪ್ಪಿಕೊಂಡರು, ಆಮೇಲೆ ಸರಿಯಾದ ಪದ ಕೊಟ್ಟರು. ನಾನು ಮೊದಲು ಸರಿಯಾದ ಪದ ಕೇಳಿದೆ, ಅರ್ಥವನ್ನು ಕೇಳಿಸಿಕೊಳ್ಳಲೇ ಇಲ್ಲ.

ಮಾಡಬಹುದಾದ ನಾಲ್ಕು ಕೆಲಸ

ಸಹ ಪ್ರಶಿಕ್ಷಣಾರ್ಥಿಗಳ ಮತ್ತು ನಮ್ಮ ಅಧ್ಯಾಪಕರ ಮುಂದೆ ಕೆಲವು ಸಲಹೆಗಳನ್ನು ಇಡುತ್ತೇನೆ. ಹೊಸ ಸಾಮಗ್ರಿ, ಹೊಸ ಖರ್ಚು ಯಾವುದಕ್ಕೂ ಬೇಡ.

ಒಂದು, ಪಾಠ ಯೋಜನೆಯಲ್ಲಿ ಬೋಧನೋಪಕರಣಗಳ ಕೆಳಗೆ ಒಂದು ಸಾಲು ಸೇರಲಿ: ‘ಈ ಪರಿಕಲ್ಪನೆಗೆ ಮಕ್ಕಳ ಮನೆಮಾತಿನಲ್ಲಿರುವ ಪದಗಳು’. ಗೊತ್ತಿಲ್ಲದಿದ್ದರೆ ಮಕ್ಕಳನ್ನೇ ಕೇಳಿ ತುಂಬಬಹುದು.

ಎರಡು, ಹೊಸ ಪರಿಕಲ್ಪನೆಯ ಮೊದಲ ಉತ್ತರ ಯಾವ ಮಾತಿನಲ್ಲಿ ಬಂದರೂ ಸ್ವೀಕರಿಸೋಣ. ನಂತರ ಶಿಕ್ಷಕರು ಅದನ್ನೇ ಪುಸ್ತಕದ ಮಾತಿನಲ್ಲಿ ಹೇಳಲಿ. ಕೊನೆಗೆ ಮಗು ಪುಸ್ತಕದ ಪದ ಬಳಸಿ ತನ್ನ ವಾಕ್ಯ ಮಾಡಲಿ. ಪೂರ್ಣ ವಾಕ್ಯ ಬೇಕು, ಆದರೆ ಅದು ಮೂರನೇ ಹೆಜ್ಜೆ.

ಮೂರು, ಪ್ರತಿ ಪಾಠದಲ್ಲಿ ಶಿಕ್ಷಕರಿಗೆ ನಿಜವಾಗಿ ಉತ್ತರ ಗೊತ್ತಿಲ್ಲದ ಎರಡು ಪ್ರಶ್ನೆಗಳಾದರೂ ಇರಲಿ. ನಿಮ್ಮ ಮನೆಯ ಅಂಗಳದಲ್ಲಿ ಹೆಚ್ಚು ಜಾರುವ ಜಾಗ ಯಾವುದು? ಅಲ್ಲಿ ಏನು ಹಾಕುತ್ತೀರಿ? ವೀಕ್ಷಕರು ಅಂಥ ಪ್ರಶ್ನೆಗಳನ್ನು ಬೇರೆಯಾಗಿ ಎಣಿಸಲಿ.

ನಾಲ್ಕು, ಬೋಧನಾಭ್ಯಾಸಕ್ಕೆ ಹೋದ ಶಾಲೆಯ ಮಕ್ಕಳ ಮನೆಮಾತು ನಮಗೆ ಬಾರದಿದ್ದರೆ, ಅವರಿಂದಲೇ ಇಪ್ಪತ್ತು ಪದ ಕಲಿಯೋಣ. ಅವರೆದುರು ತಪ್ಪು ಮಾಡೋಣ. ಟೀಚರ್ ತಪ್ಪು ಉಚ್ಚರಿಸಿ ನಕ್ಕದ್ದನ್ನು ಕಂಡ ಮಗುವಿಗೆ ತನ್ನ ತಪ್ಪಿನ ಭಯ ಅರ್ಧ ಇಳಿಯುತ್ತದೆ.

ಇದನ್ನು ನಾನು ಮುಂದಿನ ವಾರ ಅದೇ ತರಗತಿಯಲ್ಲಿ ಮಾಡಿ ನೋಡಿದೆ. ಜಾರದಂತೆ ಹಿಡಿದುಕೊಳ್ಳಲು ನಿಮ್ಮ ಮನೆಯಲ್ಲಿ ಏನು ಮಾಡುತ್ತಾರೆ, ಯಾವ ಭಾಷೆಯಲ್ಲಾದರೂ ಹೇಳಿ ಎಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅದೇ ಹುಡುಗ, ಅಡಿಕೆ ಮರ ಹತ್ತುವಾಗ ಅಪ್ಪ ಎರಡೂ ಪಾದಕ್ಕೆ ಸೇರಿಸಿ ಹಾಕಿಕೊಳ್ಳುವ ತಳೆಯ ಬಗ್ಗೆ ತುಳುವಿನಲ್ಲಿ ಹೇಳತೊಡಗಿದ. ಮಳೆಗಾಲದಲ್ಲಿ ಮರ ಪಾಚಿಗಟ್ಟುವುದು, ಆಗ ತಳೆ ಇದ್ದರೂ ಅಪ್ಪ ಮರ ಹತ್ತದಿರುವುದು, ಎಲ್ಲವನ್ನೂ ಹೇಳಿದ. ನನಗೆ ಅದು ಗೊತ್ತಿರಲಿಲ್ಲ. ನಾನು ಮೂರು ಪ್ರಶ್ನೆ ಕೇಳಿದೆ. ‘ತಳೆಗೂ ಮರಕ್ಕೂ ನಡುವೆ ಹಿಡಿತ ಕೊಡುವುದಕ್ಕೆ ಪುಸ್ತಕದಲ್ಲಿ ಘರ್ಷಣೆ ಎನ್ನುತ್ತಾರೆ’ ಎಂದು ಹಲಗೆಯ ಮೇಲೆ ಬರೆದೆ. ಪಾಚಿ ಕಟ್ಟಿದರೆ ಘರ್ಷಣೆ ಏನಾಗುತ್ತದೆ ಎಂದು ಕೇಳಿದಾಗ ಉತ್ತರ ನಾಲ್ಕೈದು ಬೆಂಚುಗಳಿಂದ ಒಟ್ಟಿಗೆ ಬಂತು.

ಘಟಕ ಪರೀಕ್ಷೆಯಲ್ಲಿ ಅವನು ತಳೆಯ ಉದಾಹರಣೆಯನ್ನೇ ಬರೆದಿದ್ದ. ವಿವರಣೆ ಸರಿಯಾಗಿತ್ತು. ‘ಘರ್ಷಣೆ’ಯನ್ನು ‘ಗರ್ಷಣೆ’ ಎಂದು ಬರೆದಿದ್ದ. ನಾನು ಪೂರ್ತಿ ಅಂಕ ಕೊಟ್ಟೆ, ಮಾರ್ಗದರ್ಶಕ ಶಿಕ್ಷಕರು ಅರ್ಧ ಅಂಕ ಕಳೆದರು. ಅವರು ಕಳೆದದ್ದು ತಪ್ಪೆಂದು ನಾನು ಹೇಳಲಾರೆ. ಆ ಅಕ್ಷರವನ್ನೂ ಅವನು ಕಲಿಯಬೇಕು. ಆದರೆ ಅದನ್ನು ಕಲಿಸಲು ಈಗ ನಮಗೊಂದು ದಾರಿಯಿದೆ, ಏಕೆಂದರೆ ಅವನು ಬರೆದಿದ್ದಾನೆ. ಮೂರನೇ ಪಾಠದ ದಿನ ನನ್ನ ಮುಂದೆ ತಿದ್ದಲು ಕೂಡ ಏನೂ ಇರಲಿಲ್ಲ.